ಬಾನುಲಿ ಹರಟೆಗೆ ನಮ್ಮ ಕಡೆಯ ಮರುಮಾತು

ಲೆಕ್ಕ ಮರಾಠಿಯಲ್ಲಿ, ಬೈಗುಳ ಕನ್ನಡದಲ್ಲಿ. ದತ್ತವಾಡ, ಇಚಲಕರಂಜಿ, ಗಡಹಿಂಗ್ಲಜ, ಎಲ್ಲಿಯ ಸದಸ್ಯರ ಮನೆಗೆ ಹೋದರೂ ಇದು ಕಾಣುತ್ತದೆ. ಮರಾಠಿ ಶಾಲೆಯಲ್ಲಿ ಪಾಢೆ ಬಾಯಿಪಾಠ ಮಾಡಿದವರು ಕಬ್ಬಿನ ಟನ್ನಿನ ಲೆಕ್ಕವನ್ನು ಮನಸ್ಸಿನಲ್ಲಿ ಹಾಕುವುದು ಮರಾಠಿಯಲ್ಲೇ. ಅದೇ ಮನುಷ್ಯ, ಮಗ ಕಬ್ಬಿಗೆ ನೀರು ಹಾಯಿಸಲು ಮರೆತನೆಂದರೆ ಬಾಯಿ ತೆರೆಯುವುದು ಕನ್ನಡದಲ್ಲಿ. ಯಾಕೆ ಹೀಗೆ? ಇಂಥ ಪ್ರಶ್ನೆಯನ್ನು ಪಾಠದ ಪುಸ್ತಕ ಕೇಳುವುದಿಲ್ಲ, ಪತ್ರಿಕೆಯ ಮೊದಲ ಪುಟವೂ ಕೇಳುವುದಿಲ್ಲ. ಇದಕ್ಕೆ ಸರಿಯಾದ ಜಾಗ ಕಟ್ಟೆ. ಕಟ್ಟೆ ಬಿಟ್ಟರೆ ರೇಡಿಯೊ.

ಇಬ್ಬರು ಮೂವರು ಕೂತು, ಊಟ, ನಿದ್ದೆ, ಸಿಟ್ಟು, ಸಂಕೋಚ, ಮದುವೆಯಲ್ಲಿ ಯಾರು ಯಾರನ್ನು ಮೊದಲು ಮಾತಾಡಿಸಬೇಕು ಎಂಬಂಥ ವಿಷಯ ಹಿಡಿದು ಅರ್ಧ ಗಂಟೆ ಎಳೆದಾಡುವ ರೇಡಿಯೊ ಹರಟೆಗಳ ಬಗ್ಗೆ ಈ ಸಲ ಬರೆಯುತ್ತಿದ್ದೇವೆ. ಕಾರಣವಿದೆ. ನಮ್ಮ ಭಾಗದಲ್ಲಿ ಕನ್ನಡ ಚೆನ್ನಾಗಿ ಆಡುವವರು ಬಹಳ, ಓದುವವರು ಕಡಿಮೆ. ಈ ಬರಹವನ್ನೇ ಒಬ್ಬರು ಓದಿ ಹೇಳಬೇಕು, ಮಿಕ್ಕವರು ಕೇಳಬೇಕು ಅನ್ನುವ ಮನೆಗಳು ನಮ್ಮಲ್ಲಿವೆ. ಅಂಥ ಮನೆಗೆ ಕನ್ನಡದ ಪುಸ್ತಕ ಬಂದರೂ ಅದು ಕಪಾಟಿನಲ್ಲಿ ಉಳಿಯುತ್ತದೆ. ಕನ್ನಡದ ಧ್ವನಿ ಬಂದರೆ ಅಡುಗೆಮನೆಯವರೆಗೆ ಹೋಗುತ್ತದೆ.

ಕನ್ನಡ ನಾಡಿನಲ್ಲಿ ರೇಡಿಯೊ ಹುಟ್ಟಿದ್ದೇ ಒಬ್ಬ ಮನಶ್ಶಾಸ್ತ್ರದ ಮೇಷ್ಟರ ಮನೆಯಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಸ್ಪಿಯರ್‌ಮನ್ ಎಂಬ ಹೆಸರಾಂತ ಮನೋವಿಜ್ಞಾನಿಯ ಬಳಿ ಕಲಿತು ಬಂದವರು. 1924ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದ ಮುಖ್ಯಸ್ಥರು. ಅವರು 1935ರ ಸೆಪ್ಟೆಂಬರ್ 10ರಂದು ತಮ್ಮ ‘ವಿಠ್ಠಲ ವಿಹಾರ’ ಮನೆಯಿಂದ, 30 ವ್ಯಾಟಿನ ಚಿಕ್ಕ ಪ್ರಸಾರಯಂತ್ರ ಇಟ್ಟುಕೊಂಡು ಬಾನುಲಿ ಶುರು ಮಾಡಿದರು. 30 ವ್ಯಾಟ್ ಅಂದರೆ ಹಳೆಯ ಗಾಜಿನ ಬಲ್ಬಿಗಿಂತ ಕಡಿಮೆ. ಸರಕಾರದ ಆಜ್ಞೆಯಿಲ್ಲ, ವ್ಯಾಪಾರದ ಲೆಕ್ಕವಿಲ್ಲ. ಜನರ ಮನಸ್ಸು ಓದುವ ವೃತ್ತಿಯವರೊಬ್ಬರಿಗೆ ಜನರ ಕಿವಿಯನ್ನು ಮುಟ್ಟುವ ಹುಚ್ಚು ಹಿಡಿದದ್ದು ಆಕಸ್ಮಿಕ ಅಲ್ಲ ಎಂದು ನಮ್ಮ ಎಣಿಕೆ.

ಆ ನಿಲಯಕ್ಕೆ ‘ಆಕಾಶವಾಣಿ’ ಎಂಬ ಹೆಸರು ಕೊಟ್ಟ ಕೀರ್ತಿ ಸಾಮಾನ್ಯವಾಗಿ ನಾ. ಕಸ್ತೂರಿಯವರಿಗೆ ಸಲ್ಲುತ್ತದೆ. ಕಸ್ತೂರಿ ಕೇರಳದವರು, ಮನೆಮಾತು ಮಲಯಾಳಂ. ಮೈಸೂರಿಗೆ ಬಂದು ಕನ್ನಡ ಕಲಿತು, ಕನ್ನಡದಲ್ಲೇ ಜನರನ್ನು ನಗಿಸಿದರು; ಪದಗಳಿಗೆ ತಲೆಕೆಳಗಾದ ಅರ್ಥ ಕೊಡುವ ‘ಅನರ್ಥ ಕೋಶ’ ಅವರದೇ. ಮೈಸೂರಿನ ಆ ಹೆಸರನ್ನು 1957ರಲ್ಲಿ ಇಡೀ ದೇಶದ ರೇಡಿಯೊ ಇಟ್ಟುಕೊಂಡಿತು. ಎರಡು ಭಾಷೆಯ ನಡುವೆ ಓಡಾಡಿದವರಿಗೆ ಮಾತಿನ ತಮಾಷೆ ಬೇಗ ಕಾಣುತ್ತದೆ ಎಂಬುದಕ್ಕೆ ಗಡಿಯ ನಾವು ಬೇರೆ ಸಾಕ್ಷಿ ಹುಡುಕಬೇಕಾಗಿಲ್ಲ.

ಅದೇ 1935ರಲ್ಲಿ ಅಮೆರಿಕದ ಕ್ಯಾಂಟ್ರಿಲ್ ಮತ್ತು ಆಲ್‌ಪೋರ್ಟ್ ಎಂಬ ಇಬ್ಬರು ಮನೋವಿಜ್ಞಾನಿಗಳು ರೇಡಿಯೊದ ಮನಶ್ಶಾಸ್ತ್ರದ ಬಗ್ಗೆಯೇ ಒಂದು ಪುಸ್ತಕ ತಂದರು. ಅವರು ಮಾಡಿದ ಒಂದು ಪ್ರಯೋಗ ಹರಟೆಗೆ ಹೇಳಿ ಮಾಡಿಸಿದಂತಿದೆ. ಕಾಣದ ವ್ಯಕ್ತಿಯ ಧ್ವನಿ ಮಾತ್ರ ಕೇಳಿಸಿ, ಇವರ ವಯಸ್ಸೆಷ್ಟು, ಕೆಲಸವೇನು, ಸ್ವಭಾವ ಎಂಥದು ಎಂದು ಕೇಳುಗರನ್ನು ಕೇಳಿದರು. ಉತ್ತರಗಳು ಕಣ್ಣುಮುಚ್ಚಿ ಹೇಳಿದ್ದಕ್ಕಿಂತ ಸ್ವಲ್ಪ ಮೇಲು, ಆದರೆ ಬಹಳ ಸಲ ತಪ್ಪು. ನಮಗೆ ಇದರಲ್ಲಿ ಹಿಡಿಸಿದ್ದು ಸರಿ ತಪ್ಪಿನ ಲೆಕ್ಕವಲ್ಲ. ಬರೀ ಧ್ವನಿ ಕೇಳಿದ ಕೂಡಲೇ ಮನುಷ್ಯ ಅದಕ್ಕೊಂದು ಮುಖ ಕಟ್ಟಿಬಿಡುತ್ತಾನೆ, ಆ ಮುಖದ ಜೊತೆ ಸಂಬಂಧವನ್ನೂ ಕಟ್ಟುತ್ತಾನೆ.

“ಆಯಿ, ರೇಡಿಯೊದಾಗಿನ ಅಕ್ಕಾರಿಗೆ ನೀ ಯಾಕ ಉತ್ತರಾ ಕೊಡ್ತಿ? ಆಕಿಗೆ ಕೇಳಸೂದಿಲ್ಲ.”

“ಕೇಳಸಲಿಲ್ಲಂದ್ರ ಬಿಡು. ನನಗ ಹೇಳಬೇಕನಿಸ್ತ, ಹೇಳಿದೆ.”

ರೇಡಿಯೊ ಇದ್ದ ಯಾವ ಮನೆಯಲ್ಲಿ ಈ ಮಾತು ನಡೆದಿಲ್ಲ? 1956ರಲ್ಲಿ ಹಾರ್ಟನ್ ಮತ್ತು ವೋಲ್ ಎಂಬ ಇಬ್ಬರು ವಿದ್ವಾಂಸರು ಇದಕ್ಕೆ ಶಾಸ್ತ್ರದ ಹೆಸರು ಕೊಟ್ಟರು. ಕೇಳುಗನಿಗೆ ಆ ಕಡೆಯವರು ಆಪ್ತರು. ಆ ಕಡೆಯವರಿಗೆ ಈ ಕೇಳುಗ ಇದ್ದಾನೆಂಬುದೇ ಗೊತ್ತಿಲ್ಲ. ಇದು ಒಂದೇ ದಡ ಇರುವ ನೆಂಟಸ್ತಿಕೆ. ಭಾಷಣಕ್ಕಿಂತ ಹರಟೆಯಲ್ಲಿ ಇದು ಹೆಚ್ಚು, ಯಾಕೆಂದರೆ ಹರಟೆಯವರು ತಡವರಿಸುತ್ತಾರೆ, ನಗುತ್ತಾರೆ, ಒಬ್ಬರ ಮಾತನ್ನು ಇನ್ನೊಬ್ಬರು ಕಡಿಯುತ್ತಾರೆ. ಆ ಸಂದಿಯಲ್ಲಿ ಕೇಳುವವನಿಗೂ ಒಂದು ಜಾಗ ಸಿಗುತ್ತದೆ.

ಗಡಿಯ ಕನ್ನಡಿಗನಿಗೆ ಈ ನೆಂಟಸ್ತಿಕೆ ಬೆಳೆದದ್ದು ಮುಖ್ಯವಾಗಿ ಧಾರವಾಡದ ಜೊತೆ. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾಯಿತು. ಆಗ ಧಾರವಾಡವೂ ನಮ್ಮ ಕೊಲ್ಹಾಪುರವೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. 1956ರ ನವೆಂಬರಿನಲ್ಲಿ ರಾಜ್ಯಗಳು ಬೇರೆಯಾದವು, ದೂಧಗಂಗೆಯ ಆಚೆಯ ಮಲಿಕವಾಡ ಒಂದು ಕಡೆ, ಈಚೆಯ ದತ್ತವಾಡ ಇನ್ನೊಂದು ಕಡೆ ಉಳಿದವು. ಮಳೆಗಾಲದಲ್ಲಿ ಮಲಿಕವಾಡ–ದತ್ತವಾಡ ಬ್ಯಾರೇಜು ನೀರಿನಲ್ಲಿ ಮುಳುಗಿದರೆ ಹೋಗಿಬರುವುದೂ ನಿಲ್ಲುತ್ತದೆ. ರೇಡಿಯೊ ಅಲೆಗೆ ಮಾತ್ರ ಇವೆರಡೂ ಅಡ್ಡಿ ಅಲ್ಲ.

ಯಾಕೆ ಅಲ್ಲ ಎಂಬುದನ್ನು ಒಂದೆರಡು ಮಾತಿನಲ್ಲಿ ಹೇಳಿಬಿಡಬಹುದು. ಧಾರವಾಡದ ಮೀಡಿಯಂ ವೇವ್ 765 ಕಿಲೋಹರ್ಟ್ಸ್, ಅಂದರೆ ಒಂದೊಂದು ಅಲೆಯ ಉದ್ದ ಸುಮಾರು 392 ಮೀಟರ್. ಅಷ್ಟು ಉದ್ದದ ಅಲೆ ನೆಲವನ್ನು ಅಪ್ಪಿಕೊಂಡು ಸಾಗುತ್ತದೆ, ಗುಡ್ಡ ಬಂದರೆ ಬಳಸಿಕೊಂಡು ಹೋಗುತ್ತದೆ. ಎಫ್ಎಂ ಅಲೆ ಸುಮಾರು 3 ಮೀಟರಿನದು. ಅದು ಬೆಳಕಿನಂತೆ ನೇರ ಹೋಗುವುದರಿಂದ ಭೂಮಿಯ ಬಾಗು ಬಂದಲ್ಲಿ ಅದರ ಆಟ ಮುಗಿಯುತ್ತದೆ. ದತ್ತವಾಡದಿಂದ ಧಾರವಾಡಕ್ಕೆ ನೇರ ಗೆರೆ ಎಳೆದರೂ ಸುಮಾರು 140 ಕಿಲೋಮೀಟರ್. 1963ರಲ್ಲಿ ಆರಂಭವಾದ ಸಾಂಗಲಿ ಆಕಾಶವಾಣಿ ಸುಮಾರು 25 ಕಿಲೋಮೀಟರಿನಲ್ಲೇ ಇದೆ. ಹಾಗಾಗಿ ನಮ್ಮ ರೇಡಿಯೊದಲ್ಲಿ ಮರಾಠಿ ಗಟ್ಟಿಯಾಗಿ, ತಾನಾಗಿಯೇ ಬರುತ್ತಿತ್ತು. ಕನ್ನಡವನ್ನು ಮುಳ್ಳು ತಿರುಗಿಸಿ, ಪೆಟ್ಟಿಗೆಯನ್ನು ಕಿಟಕಿಯ ಕಡೆ ಹೊರಳಿಸಿ ಹುಡುಕಬೇಕಿತ್ತು. ಹುಡುಕಿ ಕೇಳಿದ್ದು ನೆನಪಿನಲ್ಲಿ ಹೆಚ್ಚು ದಿನ ಉಳಿಯುತ್ತದೆ.

ಅಲ್ಲಿ ಸಿಕ್ಕ ಕನ್ನಡ ಎಂಥದು? 1956ರಲ್ಲಿ ಧಾರವಾಡ ನಿಲಯಕ್ಕೆ ಸಲಹೆಗಾರರಾಗಿ ಬಂದವರು ದ. ರಾ. ಬೇಂದ್ರೆ. ಅದಕ್ಕೆ ಮುಂಚೆ ಸುಮಾರು 12 ವರ್ಷ ಸೊಲ್ಲಾಪುರದ ಕಾಲೇಜಿನಲ್ಲಿ ಪಾಠ ಹೇಳಿದ್ದರು, ಅಂದರೆ ನಮ್ಮಂತೆಯೇ ಗಡಿಯ ಊರಿನ ನೀರು ಕುಡಿದವರು. ಮನೆಮಾತು ಮರಾಠಿ, ಕಾವ್ಯ ಕನ್ನಡ. ಮರಾಠಿಯಲ್ಲೂ ಬರೆದರು, ಅವರ ಒಂದು ಮರಾಠಿ ಪುಸ್ತಕದ ಹೆಸರೇ ‘ಸಂವಾದ’. ಅದೇ ನಿಲಯದಲ್ಲಿ ಎನ್ಕೆ ಎಂದೇ ಹೆಸರಾದ ಎನ್. ಕೆ. ಕುಲಕರ್ಣಿ ಕೆಲಸ ಮಾಡಿದರು, ಅವರೂ ಹಾಸ್ಯ ಬಲ್ಲವರು. ಇಂಥವರಿದ್ದ ನಿಲಯದಿಂದ ಧಾರವಾಡದ ಆಡುಮಾತು ಬಾನಿಗೇರಿತು. ‘ಹೋಗೂಣು’, ‘ಬರ್ರಿ’, ‘ಹೌದಲ್ಲೋ’ ಎಂಬ ಮಾತು ಪೆಟ್ಟಿಗೆಯೊಳಗಿಂದ ಬಂದಾಗ ನಮ್ಮ ಕಡೆಯವನಿಗೆ ಆಗುವ ಸಂತೋಷ ಬೆಂಗಳೂರಿನವರಿಗೆ ಪೂರ್ತಿ ತಿಳಿಯಲಿಕ್ಕಿಲ್ಲ. ತನ್ನ ಮಾತು ಹೊಲದ ಮಾತು, ಕಚೇರಿಗೆ ನಡೆಯದ ಮಾತು ಎಂದುಕೊಂಡವನಿಗೆ ಅದೇ ಮಾತಿನಲ್ಲಿ ದೊಡ್ಡ ವಿಷಯವನ್ನೂ ಆಡಬಹುದು ಎಂದು ತೋರಿಸಿದ್ದು ಈ ಧ್ವನಿಗಳು.

ಈಗ ಮೊದಲಿನ ಬೈಗುಳಕ್ಕೆ ಮರಳೋಣ. 2003ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಕ್ಯಾಥರಿನ್ ಹ್ಯಾರಿಸ್ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಟರ್ಕಿ ಭಾಷೆಯ ಮನೆಗಳಲ್ಲಿ ಬೆಳೆದು, ದೊಡ್ಡವರಾದ ಮೇಲೆ ಇಂಗ್ಲಿಷ್ ಕಲಿತವರ ಬೆರಳಿಗೆ ತಂತಿ ಕಟ್ಟಿ, ಎರಡೂ ಭಾಷೆಯಲ್ಲಿ ಮಾತು ಕೇಳಿಸಿ, ಚರ್ಮ ಎಷ್ಟು ಬೆವರುತ್ತದೆ ಎಂದು ಅಳೆದರು. ಮನಸ್ಸು ಕಲಕಿದರೆ ಬೆರಳು ನಮಗೆ ತಿಳಿಯದಷ್ಟು ಸೂಕ್ಷ್ಮವಾಗಿ ಬೆವರುತ್ತದೆ. “ನಾಚಿಕೆಯಾಗಬೇಕು ನಿನಗೆ” ಎಂಬಂಥ, ಚಿಕ್ಕಂದಿನಲ್ಲಿ ಹಿರಿಯರು ಬಯ್ಯುವ ಮಾತು ಟರ್ಕಿಯಲ್ಲಿ ಬಂದಾಗ ಬೆರಳು ಹೆಚ್ಚು ಬೆವರಿತು. ಇಂಗ್ಲಿಷಿನಲ್ಲಿ ಅದೇ ಅರ್ಥದ ಮಾತು ಅಷ್ಟು ನಾಟಲಿಲ್ಲ. ಅವ್ವನ ಬಾಯಿಂದ ಕೇಳಿದ ಭಾಷೆ ಮೈಗೇ ಅಂಟಿರುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಭಾಷಣಕ್ಕೆ ಒಳ್ಳೆಯ ಸಾಲು ಸಿಕ್ಕಿತು. ಆದರೆ ಮುಂದಿನ ಸಂಗತಿ ನಮಗೆ ಇನ್ನೂ ಹತ್ತಿರದ್ದು. ಅದೇ ತಂಡದವರು ಮುಂದೆ, ಎರಡು ಭಾಷೆಯನ್ನೂ ಚಿಕ್ಕಂದಿನಲ್ಲೇ ಕಲಿತವರನ್ನು ಪರೀಕ್ಷಿಸಿದಾಗ ಈ ಅಂತರ ಕಾಣಿಸಲಿಲ್ಲ. ಹಾಗಾದರೆ ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಕೇಳಿಕೊಂಡು ಅಂಗನವಾಡಿಗೆ ಹೋದ ನಮ್ಮ ಮಕ್ಕಳಿಗೆ ಯಾವ ಬೈಗುಳ ನಾಟುತ್ತದೆ? ಎರಡೂ ಸಮನೆ? ಅವ್ವನದೊಂದು ಬಗೆ, ಮಾಸ್ತರರದೊಂದು ಬಗೆಯೇ? ಮತ್ತೆ, ಮನೆಯಲ್ಲಿ ಅಪ್ಪ ಅವ್ವ ಮಕ್ಕಳ ಜೊತೆ ಮರಾಠಿಗೋ ಇಂಗ್ಲಿಷಿಗೋ ಹೊರಳಿದ ಮೇಲೆ, ಕನ್ನಡ ಆಯಿ ಮುತ್ಯಾರ ಭಾಷೆ ಮಾತ್ರ ಆಗಿ ಉಳಿದರೆ, ಆ ಮಗುವಿಗೆ ಕನ್ನಡದ ಯಾವ ಮಾತು ಮೈಗೆ ಹತ್ತುತ್ತದೆ? ಇದಕ್ಕೆ ವಿಶ್ವವಿದ್ಯಾಲಯದಿಂದ ಉತ್ತರ ಬರಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಕೇಳಿದವರು ಯಾರೂ ಇಲ್ಲ, ಅಷ್ಟೆ.

ಕೇಳುವುದು, ಕೇಳಿದ್ದಕ್ಕೆ ಮರುಮಾತು ಆಡುವುದು. ಇದರ ಒಂದು ದೊಡ್ಡ ಪ್ರಯೋಗ ನಮ್ಮ ಜಿಲ್ಲೆಯಲ್ಲೇ ನಡೆದಿತ್ತು, ಅದು ಈಗ ಬಹಳ ಮಂದಿಗೆ ಗೊತ್ತಿಲ್ಲ. 1956ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಯುನೆಸ್ಕೊ ನೆರವಿನಿಂದ ಆಕಾಶವಾಣಿಯ ಪುಣೆ ನಿಲಯ ‘ರೇಡಿಯೊ ಫಾರ್ಮ್ ಫೋರಂ’ ನಡೆಸಿತು. ಪುಣೆ, ನಗರ, ನಾಸಿಕ, ಉತ್ತರ ಸಾತಾರಾ, ಕೊಲ್ಹಾಪುರ, ಈ 5 ಜಿಲ್ಲೆಯ 150 ಹಳ್ಳಿಗಳು. ಹಳ್ಳಿಗೊಂದು ರೇಡಿಯೊ, ಅದರ ಸುತ್ತ ಸುಮಾರು 20 ಜನ. ವಾರಕ್ಕೆ ಎರಡು ಸಲ, 10 ವಾರ, ಒಟ್ಟು 20 ಕಾರ್ಯಕ್ರಮ. ಕೇಳಿ ಎದ್ದುಹೋಗುವಂತಿಲ್ಲ. ಕೂತು ಚರ್ಚಿಸಬೇಕು, ಪ್ರಶ್ನೆ ಬರೆದು ಕಳಿಸಬೇಕು, ಮುಂದಿನ ಕಾರ್ಯಕ್ರಮದಲ್ಲಿ ರೇಡಿಯೊ ಆ ಪ್ರಶ್ನೆಗೆ ಉತ್ತರ ಕೊಡಬೇಕು. ಈ ಪದ್ಧತಿ ಕೆನಡಾದ ರೈತರಲ್ಲಿ 1941ರಿಂದ ನಡೆದಿದ್ದು. ಓದು, ಕೇಳು, ಚರ್ಚಿಸು, ಮಾಡು ಎಂಬುದು ಅವರ ಘೋಷಣೆ.

ಪಾಲ್ ನ್ಯೂರಾತ್ ಎಂಬ ಸಮಾಜವಿಜ್ಞಾನಿ ಇದರ ಪರಿಣಾಮ ಅಳೆದರು. ಅವರು ಹೋಲಿಸಿ ನೋಡಿದ್ದು ಮೂರು ಬಗೆಯ ಹಳ್ಳಿ: ರೇಡಿಯೊ ಇದ್ದು ಕೂಟವೂ ಇದ್ದದ್ದು, ರೇಡಿಯೊ ಮಾತ್ರ ಇದ್ದದ್ದು, ಎರಡೂ ಇಲ್ಲದ್ದು. ಕೂಟ ಇದ್ದ ಹಳ್ಳಿಗಳಲ್ಲಿ ಜನರ ತಿಳಿವಳಿಕೆ ಚೆನ್ನಾಗಿ ಏರಿತ್ತು. ರೇಡಿಯೊ ಮಾತ್ರ ಇದ್ದಲ್ಲಿ ಹೆಚ್ಚಿದ್ದು ಅಲ್ಪ. ಕೆಲಸ ಮಾಡಿದ್ದು ಪೆಟ್ಟಿಗೆಯಲ್ಲ, ಪೆಟ್ಟಿಗೆ ಆರಿಸಿದ ಮೇಲೆ ನಡೆದ ಮಾತು. 1959ರಲ್ಲಿ ಸರಕಾರ ಇದನ್ನು ದೇಶದ ತುಂಬ ಹಬ್ಬಿಸಿತು. ಆದರೆ ಕೊಲ್ಹಾಪುರದಲ್ಲಿ ನಡೆದ ಆ ಪ್ರಯೋಗದ ಭಾಷೆ ಮರಾಠಿ. ಕನ್ನಡ ಮಾತಾಡುವ ಓಣಿಗಳ ಪಾಲಿಗೆ ಧಾರವಾಡದ ಧ್ವನಿ ಬಂತು, ಕೂಟ ಬರಲಿಲ್ಲ. ಒಂದೇ ದಡದ ನೆಂಟಸ್ತಿಕೆ ಹಾಗೇ ಉಳಿಯಿತು.

ಈಗ ಕೂಟ ಕಟ್ಟುವುದಕ್ಕೆ ಅಡಚಣೆ ಕಡಿಮೆ. ಮುಳ್ಳು ತಿರುಗಿಸುವ ಪೆಟ್ಟಿಗೆ ಮೂಲೆ ಸೇರಿದ್ದರೂ ಆಕಾಶವಾಣಿಯ ‘ನ್ಯೂಸ್ ಆನ್ ಏರ್’ ಆ್ಯಪಿನಲ್ಲಿ ಧಾರವಾಡ ನಿಲಯ ಮೊಬೈಲಿಗೇ ಬರುತ್ತದೆ, 140 ಕಿಲೋಮೀಟರಿನ ಲೆಕ್ಕವೇ ಇಲ್ಲ. ಇಚಲಕರಂಜಿಯ ಮಗ್ಗದ ಸದ್ದಿನಲ್ಲಿ ಎದುರಿನವರ ಮಾತೇ ಕೇಳದು, ರೇಡಿಯೊ ದೂರ ಉಳಿಯಿತು; ಆದರೆ ಪಾಳಿ ಮುಗಿಸಿ ಮನೆಗೆ ಬಂದವರು ಕೇಳಬಹುದು. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಕಿವಿಗೆ ಇಯರ್‌ಫೋನ್ ಹಾಕಿ ಒಬ್ಬೊಬ್ಬರೇ ಕೇಳಿದರೆ ನಾವು ನ್ಯೂರಾತರ ಎರಡನೆಯ ಬಗೆಯ ಹಳ್ಳಿ ಆಗುತ್ತೇವೆ.

ಅದಕ್ಕೇ ನಮ್ಮ ಸಂಘದಿಂದ ಒಂದು ಸಣ್ಣ ಏರ್ಪಾಡು ಯೋಚಿಸಿದ್ದೇವೆ. ದತ್ತವಾಡದಲ್ಲಿ ಒಂದು ಮನೆ, ಇಚಲಕರಂಜಿಯಲ್ಲಿ ಒಂದು, ಗಡಹಿಂಗ್ಲಜದಲ್ಲಿ ಒಂದು. ಒಂದೊಂದರಲ್ಲಿ ಹತ್ತು ಹನ್ನೆರಡು ಜನ, ಅದರಲ್ಲಿ ಇಬ್ಬರಾದರೂ ಕನ್ನಡ ಓದಲು ಬಾರದ ಹಿರಿಯರು, ಇಬ್ಬರಾದರೂ ಶಾಲೆಯ ಮಕ್ಕಳು ಇರಬೇಕು. ಅರ್ಧ ಗಂಟೆ ಯಾವುದಾದರೂ ಕನ್ನಡ ಹರಟೆ ಕೇಳುವುದು, ಮೊಬೈಲ್ ಆರಿಸಿ ಅರ್ಧ ಗಂಟೆ ನಾವು ಆಡುವುದು. ಆಡಿದ್ದನ್ನು ಅದೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಉಳಿದ ಎರಡು ಊರಿಗೆ ಕಳಿಸುವುದು, ಅವರು ಅದಕ್ಕೆ ಮರುಮಾತು ಕಳಿಸುವುದು. ಹೆಸರು ಹೇಳಲು ಇಷ್ಟವಿಲ್ಲದವರು ಹೇಳದಿದ್ದರೂ ನಡೆಯುತ್ತದೆ. ಶುದ್ಧ ಕನ್ನಡ ಬೇಕಾಗಿಲ್ಲ. ನಡುವೆ ಮರಾಠಿ ಬಂದರೆ ಬರಲಿ, ತಿದ್ದಬೇಡಿ. ಮಕ್ಕಳ ಕನ್ನಡಕ್ಕೆ ನಗುವುದನ್ನಂತೂ ದೊಡ್ಡವರು ಮನೆಯಲ್ಲೇ ಬಿಟ್ಟು ಬರಬೇಕು. ಒಮ್ಮೆ ನಕ್ಕರೆ ಆ ಮಗು ಮತ್ತೆ ಕನ್ನಡದಲ್ಲಿ ಬಾಯಿ ಬಿಡಲಿಕ್ಕಿಲ್ಲ.

ಮೊದಲ ಕೂಟದ ವಿಷಯ, ನಿಮಗೆ ಯಾವ ಭಾಷೆಯ ಬೈಗುಳ ಜಾಸ್ತಿ ನಾಟುತ್ತದೆ. ಎರಡನೆಯದು, ಕನಸಿನಲ್ಲಿ ತೀರಿಹೋದ ಹಿರಿಯರು ಬಂದರೆ ಯಾವ ಭಾಷೆಯಲ್ಲಿ ಮಾತಾಡುತ್ತಾರೆ. ಮೂರನೆಯದನ್ನು ಗಡಹಿಂಗ್ಲಜದವರು ಆರಿಸಲಿ. ಮನೆ ಕೊಡುವವರು, ಬರುವವರು ಸಂಘದ ಕಾರ್ಯಕರ್ತರಿಗೆ ತಿಳಿಸಿ. ಚಹಾದ ವ್ಯವಸ್ಥೆ ಮನೆಯವರದು, ಚುರುಮುರಿ ತರುವುದು ಬಂದವರದು.