ಆಪತ್ಕಾಲಕ್ಕೊಂದು ನಕ್ಷೆ

೨೦೧೦ನೆಯ ಇಸವಿ ಜನವರಿ ೧೨ರ ಸಂಜೆ ಹೈಟಿ ದೇಶದಲ್ಲಿ ೭.೦ ಪ್ರಮಾಣದ ಭೂಕಂಪವಾಗಿ, ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ನಲ್ಲಿ ಅಸಂಖ್ಯಾತ ಕಟ್ಟಡಗಳು ಕುಸಿದುವು. ಹೊರದೇಶಗಳಿಂದ ಬಂದಿಳಿದ ರಕ್ಷಣಾ ತಂಡಗಳಲ್ಲಿ ಔಷಧಗಳಿದ್ದುವು, ಯಂತ್ರಗಳಿದ್ದುವು. ಯಾವ ಬೀದಿ ಎಲ್ಲಿಗೆ ಹೋಗುವುದೆಂದು ತೋರಿಸುವ ವಿವರವಾದ ನಕ್ಷೆ ಮಾತ್ರ ಸುಲಭವಾಗಿ ದೊರೆಯದಾಗಿತ್ತು. ಈ ಕೊರತೆಯನ್ನು ತುಂಬಿದವರಲ್ಲಿ ಹೆಚ್ಚಿನವರು ಆ ದೇಶವನ್ನು ಕಣ್ಣಿನಿಂದ ಕಂಡವರೇ ಅಲ್ಲ.

ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬುದು ೨೦೦೪ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಮುಕ್ತ ನಕ್ಷೆ. ಯಾರು ಬೇಕಾದರೂ ಅದರಲ್ಲಿ ಬರೆಯಬಹುದು, ತಿದ್ದಬಹುದು, ಹಣ ತೆರದೆ ಬಳಸಬಹುದು. ಭೂಕಂಪಕ್ಕೆ ಮುನ್ನ ಅದರಲ್ಲಿ ಈ ನಗರದ ಕೆಲವು ದೊಡ್ಡ ರಸ್ತೆಗಳ ಹೊರತು ಹೆಚ್ಚೇನೂ ಇರಲಿಲ್ಲ. ಉಪಗ್ರಹಗಳು ತೆಗೆದ ಹೊಸ ಚಿತ್ರಗಳು ಕೆಲವೇ ದಿನಗಳಲ್ಲಿ ಲಭ್ಯವಾದುವು. ನೂರಾರು ಸ್ವಯಂಸೇವಕರು ತಮ್ಮ ತಮ್ಮ ಮನೆಗಳಲ್ಲಿಯೇ ಕುಳಿತು ಬೀದಿಗಳನ್ನೂ, ಕುಸಿದ ಕಟ್ಟಡಗಳನ್ನೂ, ಬಯಲುಗಳಲ್ಲಿ ಎದ್ದ ಡೇರೆಗಳನ್ನೂ ಗುರುತಿಸಿದರು. ರಕ್ಷಣಾ ತಂಡದವರು ಈ ನಕ್ಷೆಯನ್ನು ಕೈಯಲ್ಲಿ ಹಿಡಿಯುವ ಜಿ.ಪಿ.ಎಸ್. ಯಂತ್ರಗಳಿಗೆ ತುಂಬಿಕೊಂಡು ನಡೆದರು.

ಚಿತ್ರದ ಮೇಲೆ ಗೆರೆಯೆಳೆಯುವುದು ಮಹಾ ಕಷ್ಟವೇ ಎಂದು ವಾಚಕರು ಕೇಳಬಹುದು. ಇಲ್ಲೊಂದು ತೊಡಕಿದೆ. ಉಪಗ್ರಹವು ನೆಲವನ್ನು ನೆಟ್ಟಗೆ ಮೇಲಿನಿಂದ ನೋಡುವುದು ಅಪರೂಪ. ಸಾಮಾನ್ಯವಾಗಿ ಅದರ ನೋಟ ಓರೆ. ಆದುದರಿಂದ ಎತ್ತರವಾದ ಕಟ್ಟಡದ ಮಾಳಿಗೆಯು ಬುಡದಿಂದ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಗುಡ್ಡಗಾಡಿನಲ್ಲಿ ಇದು ಇನ್ನೂ ಹೆಚ್ಚು. ಚಿತ್ರವನ್ನು ಸರಿಪಡಿಸಲು ನೆಲದ ಎತ್ತರ ತಿಳಿದಿರಬೇಕು. ಆ ಎತ್ತರವನ್ನು ೧೦೦ ಮೀಟರು ತಪ್ಪಾಗಿ ಹಿಡಿದು, ನೋಟವೂ ಲಂಬದಿಂದ ೨೦ ಡಿಗ್ರಿ ವಾಲಿದ್ದರೆ, ರಸ್ತೆಯು ಸುಮಾರು ೩೬ ಮೀಟರು ಸರಿದುಬಿಡುತ್ತದೆ. (೧೦೦ನ್ನು ೨೦ ಡಿಗ್ರಿಯ ಟ್ಯಾಂಜೆಂಟಿನಿಂದ ಗುಣಿಸಿ ನೋಡಿ.) ಬೆಟ್ಟದ ದಾರಿಯಲ್ಲಿ ೩೬ ಮೀಟರೆಂದರೆ ಹಳ್ಳದ ಆಚೆಯ ದಡವೇ ಆದೀತು! ಅದಕ್ಕಾಗಿಯೇ ಅನುಭವಸ್ಥರು ಮಾಳಿಗೆಯನ್ನು ಬಿಟ್ಟು ಬುಡವನ್ನು ಗುರುತಿಸುತ್ತಾರೆ; ಆ ದಾರಿಯಲ್ಲಿ ಯಾರಾದರೂ ಜಿ.ಪಿ.ಎಸ್. ಹಿಡಿದು ನಡೆದ ಜಾಡು ದೊರೆತರೆ ಚಿತ್ರವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಾರೆ.

ಇಷ್ಟಾದರೂ ಆಕಾಶದಿಂದ ಹೆಸರುಗಳು ಕಾಣಿಸುವುದಿಲ್ಲ. ಒಂದು ಉದ್ದನೆಯ ಮಾಡಿನ ಕೆಳಗಿರುವುದು ಆಸ್ಪತ್ರೆಯೋ ಉಗ್ರಾಣವೋ, ಒಂದು ಸೇತುವೆ ಲಾರಿಯ ಭಾರವನ್ನು ತಾಳೀತೋ ಇಲ್ಲವೋ, ಇದನ್ನು ಆ ಊರಿನವರೇ ಹೇಳಬೇಕು. ವಿಪತ್ತಿನ ದಿನ ಕೇಳಹೊರಟರೆ ಹೇಳಲು ಅವರಿಗೆ ಬಿಡುವೆಲ್ಲಿ? ಆದುದರಿಂದ ಹೈಟಿಗಿಂತ ನೇಪಾಳದ ನಿದರ್ಶನವೇ ಹೆಚ್ಚು ಬೆಲೆಯುಳ್ಳದ್ದೆಂದು ನಮಗೆ ತೋರುತ್ತದೆ. ಅಲ್ಲಿ ೨೦೧೫ರ ಏಪ್ರಿಲ್ ೨೫ರಂದು ೭.೮ ಪ್ರಮಾಣದ ಭೂಕಂಪವಾಗುವುದಕ್ಕೆ ಮೊದಲೇ, ಕಾಠ್ಮಂಡು ಲಿವಿಂಗ್ ಲ್ಯಾಬ್ಸ್ ಸಂಸ್ಥೆಯ ತರುಣರು ವಿದ್ಯಾರ್ಥಿಗಳನ್ನೂ ಸೇರಿಸಿಕೊಂಡು, ಕಣಿವೆಯ ಶಾಲೆಗಳನ್ನೂ ಆಸ್ಪತ್ರೆಗಳನ್ನೂ ನಕ್ಷೆಗೆ ಏರಿಸಿದ್ದರು. ಭೂಕಂಪದ ತರುವಾಯ ಜಗತ್ತಿನ ನಾನಾ ಕಡೆಗಳಿಂದ ಸಾವಿರಾರು ಸ್ವಯಂಸೇವಕರು ಬೆಟ್ಟದ ಹಳ್ಳಿಗಳ ಮನೆಗಳನ್ನೂ ಕಾಲುದಾರಿಗಳನ್ನೂ ಗುರುತಿಸತೊಡಗಿದಾಗ, ಯಾವ ಪ್ರದೇಶವನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂದು ಹೇಳಬಲ್ಲವರು ಕಾಠ್ಮಂಡುವಿನಲ್ಲಿಯೇ ಇದ್ದರು.