ಕಡಲ ದೋಣಿಯ ಯಂತ್ರವೂ ಅದನ್ನು ತಣಿಸುವ ನೀರೂ

ಹೊಸರಿತ್ತಿಯ ಬಳಿ ಹರಿಯುವ ವರದಾ ನದಿಯ ನೀರು ಸಿಹಿಯಾದುದು. ದಂಡೆಯ ಪಂಪಿನ ಡೀಸೆಲ್ ಯಂತ್ರವನ್ನು ಆ ನೀರಿನಿಂದಲೇ ತಣಿಸಬಹುದು. ಮಲ್ಪೆಯ ಮೀನುದೋಣಿಗೆ ಈ ಅನುಕೂಲವಿಲ್ಲ. ಸುತ್ತಲೂ ನೀರಿದ್ದರೂ ಅದು ಲವಣಜಲ, ಲೋಹಕ್ಕೆ ಶತ್ರು. ಆದುದರಿಂದ ಕಡಲ ಯಂತ್ರಗಳಲ್ಲಿ ಸಾಮಾನ್ಯವಾಗಿ ಎರಡು ಜಲಮಾರ್ಗಗಳುಂಟು. ಒಳಗಿನದರಲ್ಲಿ ಸಿಹಿನೀರು ಯಂತ್ರದ ಶಾಖವನ್ನು ಹೊತ್ತು ಸುತ್ತುವುದು; ಹೊರಗಿನದರಲ್ಲಿ ಕಡಲನೀರು ಕೊಳವೆಯ ಗೋಡೆಯ ಆಚೆಯಿಂದಲೇ ಆ ಶಾಖವನ್ನು ಪಡೆದು ಹೊರಬೀಳುವುದು. ಇವೆರಡೂ ಬೆರೆಯಕೂಡದು.

ಕಡಲನೀರಿನ ಮಾರ್ಗದಲ್ಲಿ ಸತುವಿನ ಕಡ್ಡಿಯೊಂದನ್ನು ಇಡುವರು. ತಾಮ್ರ, ಉಕ್ಕುಗಳಿಗಿಂತ ಸತುವು ಬೇಗನೆ ಕರಗುವುದರಿಂದ, ಸವೆತವನ್ನು ತಾನು ಹೊತ್ತು ಉಳಿದ ಲೋಹವನ್ನು ಕಾಯುವುದು. ಹಡಗಿನ ತಳದ ತಾಮ್ರದ ತಗಡುಗಳ ರಕ್ಷಣೆಗಾಗಿ ಹಂಫ್ರಿ ಡೇವಿಯು ಈ ತತ್ತ್ವವನ್ನು 1824ರಲ್ಲಿಯೇ ಪ್ರತಿಪಾದಿಸಿದನು. ಅರ್ಧ ಸವೆದೊಡನೆ ಕಡ್ಡಿಯನ್ನು ಬದಲಿಸಬೇಕು. ಬಹುಕಾಲ ಸ್ವಲ್ಪವೂ ಸವೆಯದಿದ್ದರೆ ಅದು ಸಂತೋಷದ ವಿಷಯವಲ್ಲ. ಕಡ್ಡಿಗೂ ಲೋಹಕ್ಕೂ ಸಂಪರ್ಕ ತಪ್ಪಿರಬಹುದೆಂದು ಶಂಕಿಸಬೇಕು.

ಉಳಿದ ಕೆಲಸಗಳು ಸುಲಭ. ಜಾಲರಿಯ ಕಸವನ್ನು ತೆಗೆಯಬೇಕು. ಪಂಪಿನ ರಬ್ಬರ್ ಚಕ್ರದ ಎಸಳುಗಳು ಬಿರಿದಿವೆಯೇ ಎಂದು ನೋಡಬೇಕು. ಯಂತ್ರವು ಬಿಸಿಯಾಗಿರುವಾಗ ಸಿಹಿನೀರಿನ ಮುಚ್ಚಳವನ್ನು ತೆರೆಯಬಾರದು. ದಡದಲ್ಲಿ ಅರ್ಧ ಗಳಿಗೆಯನ್ನು ಉಳಿಸಿದವನು ನಡುಗಡಲಿನಲ್ಲಿ ನಿಂತ ಯಂತ್ರದೊಡನೆ ಅಲೆಗಳ ವಶನಾಗುವನು.