ಶಿವಾಜಿ ಪಾರ್ಕ್ ಕಟ್ಟೆಯಿಂದ ನಮಗೊಂದು ಪಾಠ

ಮುಂಬಯಿ: ದಾದರ್‌ನ ಶಿವಾಜಿ ಪಾರ್ಕನ್ನು ಅರಿಯದ ಮುಂಬಯಿ ಕನ್ನಡಿಗರು ವಿರಳ. ಸುಮಾರು 28 ಎಕರೆಯ ಈ ಮೈದಾನ 1925ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಮೊದಲು ಮಾಹಿಮ್ ಪಾರ್ಕ್ ಎನಿಸಿದ್ದ ಇದಕ್ಕೆ 1927ರಲ್ಲಿ ನಗರಸೇವಕಿ ಅವಂತಿಕಾಬಾಯಿ ಗೋಖಲೆಯವರ ಒತ್ತಾಸೆಯಿಂದ ಶಿವಾಜಿ ಪಾರ್ಕ್ ಎಂಬ ಹೆಸರು ಬಂತು.

ಮೈದಾನದ ಸುತ್ತಲಿನ ಗಿಡ್ಡ ಗೋಡೆಯನ್ನು ಮರಾಠಿಗರು 'ಕಟ್ಟಾ' ಎನ್ನುತ್ತಾರೆ. ನಮ್ಮ ಕಟ್ಟೆಯೇ ಅದು. ಸಂಜೆಯಾದರೆ ನಿವೃತ್ತರು, ಕಾಲೇಜು ಹುಡುಗರು, ಕ್ರಿಕೆಟ್ ಮುಗಿಸಿದ ಮಕ್ಕಳು ಎಲ್ಲರೂ ಅಲ್ಲಿ ಕೂರುತ್ತಾರೆ. ಟಿಕೆಟ್ ಇಲ್ಲ, 'ನೀವ್ಯಾರು' ಎಂದು ಕೇಳುವವರಿಲ್ಲ. ಊರಿನ ಅಶ್ವತ್ಥಕಟ್ಟೆಯಲ್ಲಿ ಕೂರುವ ಹಕ್ಕು ಎಲ್ಲ ಜಾತಿಯವರಿಗೂ ಇರಲಿಲ್ಲ ಎಂಬುದನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ.

ಪ್ರತಿವರ್ಷ ಡಿಸೆಂಬರ್ 6ರಂದು ಡಾ. ಅಂಬೇಡ್ಕರ್ ಅವರಿಗೆ ನಮಿಸಲು ಸಮೀಪದ ಚೈತ್ಯಭೂಮಿಗೆ ಲಕ್ಷಾಂತರ ಮಂದಿ ಬರುತ್ತಾರೆ. ದೂರದಿಂದ ಬಂದವರಿಗೆ ಈ ಬಯಲೇ ತಂಗುದಾಣ. ಮಹಾನಗರಪಾಲಿಕೆ ಇಲ್ಲಿ ಮಂಟಪ, ಕುಡಿಯುವ ನೀರು, ಶೌಚಾಲಯಗಳ ವ್ಯವಸ್ಥೆ ಮಾಡುತ್ತದೆ. ಇಂಥ ವ್ಯವಸ್ಥೆಯಿದ್ದರೇ ಬಯಲು ಬಡವರದ್ದೂ ಆಗುವುದು.

ಇದೇ ಮೈದಾನದ ಇನ್ನೊಂದು ನೆನಪು ಕಹಿಯಾದದ್ದು. 1966ರ ಅಕ್ಟೋಬರ್ 30ರಂದು ಶಿವಸೇನೆಯ ಮೊದಲ ಬೃಹತ್ ಸಭೆ ಇಲ್ಲಿಯೇ ಜರಗಿತು. ಅಂದಿನ ಅದರ ಚಳವಳಿ ಮುಖ್ಯವಾಗಿ ದಕ್ಷಿಣ ಭಾರತೀಯರ ವಿರುದ್ಧವಾಗಿತ್ತು. ಗಡಿ ವಿವಾದದ ಹಿನ್ನೆಲೆಯಲ್ಲಿ 1969ರ ಫೆಬ್ರವರಿಯಲ್ಲಿ ನಡೆದ ಗಲಭೆಯಲ್ಲಿ ಉಡುಪಿ ಹೋಟೆಲುಗಳೂ ದಾಳಿಗೆ ತುತ್ತಾದವು. ಬಯಲು ತಾನಾಗಿ ಯಾರನ್ನೂ ಕೂಡಿಸುವುದಿಲ್ಲ, ದೂರ ತಳ್ಳುವುದೂ ಇಲ್ಲ. ಅಲ್ಲಿ ಯಾರು ಸೇರುತ್ತಾರೆ, ಏನು ಆಡುತ್ತಾರೆ ಎಂಬುದೇ ಮುಖ್ಯ.

ಈ ಮಾತು ನಮಗೂ ಅನ್ವಯಿಸುತ್ತದೆ. ಕರ್ನಾಟಕ ಸಂಘ, 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಎರಡೂ ಶಿವಾಜಿ ಪಾರ್ಕಿನಿಂದ ಹೆಚ್ಚು ದೂರವಿಲ್ಲದ ಮಾಟುಂಗಾ ಪರಿಸರದಲ್ಲಿವೆ. ಪರವೂರಿನಲ್ಲಿ ಭಾಷೆ ಉಳಿಸಿಕೊಳ್ಳಲು ಸ್ವಂತ ಸಭಾಗೃಹ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ರಾಜ್ಯೋತ್ಸವ, ಯಕ್ಷಗಾನಗಳೆಲ್ಲ ನಾಲ್ಕು ಗೋಡೆಯೊಳಗೇ ಮುಗಿದರೆ ನೆರೆಯ ಮರಾಠಿ, ಗುಜರಾತಿ ಬಾಂಧವರು ನಮ್ಮನ್ನು ಅರಿಯುವುದೆಂತು? ಅರಿಯದವರನ್ನು ಪರಕೀಯರೆನ್ನುವುದು ಬಲು ಸುಲಭ.

2010ರಲ್ಲಿ ಹೈಕೋರ್ಟ್ ಶಿವಾಜಿ ಪಾರ್ಕನ್ನು ನಿಶ್ಶಬ್ದ ವಲಯವೆಂದು ಘೋಷಿಸಿತು. ಚೆಂಡೆಯ ಸದ್ದಿಗೆ ಅದು ತಕ್ಕ ಜಾಗವಲ್ಲ. ಆದರೆ ನಮ್ಮ ನಮ್ಮ ಬಡಾವಣೆಗಳಲ್ಲೂ ಮೈದಾನಗಳಿವೆ. ವರ್ಷಕ್ಕೊಂದು ಕಾರ್ಯಕ್ರಮವನ್ನಾದರೂ ಅನುಮತಿ ಪಡೆದು ಅಲ್ಲಿ ನಡೆಸಿ, ಕಥೆಯನ್ನು ಮರಾಠಿಯಲ್ಲೂ ನಾಲ್ಕು ಮಾತಿನಲ್ಲಿ ತಿಳಿಸಬಹುದು. ಯಕ್ಷಗಾನಕ್ಕೆ ನಮ್ಮ ಹಿರಿಯರು ಇಟ್ಟ ಹೆಸರೇ ಬಯಲಾಟವಲ್ಲವೇ? ಸಂಘಗಳ ಪದಾಧಿಕಾರಿಗಳು ಈ ಬಗ್ಗೆ ಚಿಂತಿಸಲಿ.